ಅಣ್ಣನ ಹೆಣ್ಣು ಗಂಟಲು

ನಮ್ಮ ಕಡೆಯ ಮದುವೆಗಳಿಗೆ ಓಲಗದವರ ಜೊತೆ ‘ವಾದ್ಯಗೋಷ್ಠಿ’ಯೂ ಬಂದು ಸೇರಿಕೊಂಡ ಕಾಲ ಅದು. ಎಪ್ಪತ್ತರ ಆಚೀಚೆ ಇರಬೇಕು. ನಮ್ಮೂರು ಮುಳ್ಳೂರಿನಲ್ಲಿ ರೇಡಿಯೋ ಇದ್ದ ಮನೆಗಳು ಬೆರಳೆಣಿಕೆಯಷ್ಟು, ಸಿನಿಮಾ ನೋಡಬೇಕೆಂದರೆ ಕೊಳ್ಳೇಗಾಲದ ಟೆಂಟಿಗೇ ಹೋಗಬೇಕು. ಹಾಗಿರುವಾಗ ಮದುವೆ ಚಪ್ಪರದಲ್ಲಿ ಯಾರೋ ಮೈಕಿನ ಮುಂದೆ ನಿಂತು ಸಿನಿಮಾ ಹಾಡು ಹಾಡುತ್ತಾರೆ ಅಂದರೆ, ಕರೆಯದೆ ಇದ್ದವರೂ ಉಂಡು ಕೈತೊಳೆದು ಬಂದು ಬೇಲಿಯಾಚೆ ನಿಂತುಬಿಡುತ್ತಿದ್ದರು.

ಆದರೆ ಆ ಗೋಷ್ಠಿಗಳಲ್ಲಿ ಹೆಂಗಸರು ಇರುತ್ತಿರಲಿಲ್ಲ. ಯಾರು ತಾನೆ ಹೆಣ್ಣುಮಗಳನ್ನು ವೇದಿಕೆಗೆ ಕಳಿಸುತ್ತಿದ್ದರು? ಯುಗಳಗೀತೆಗೆ ಹೆಣ್ಣು ದನಿ ಬೇಕಲ್ಲ, ಅದಕ್ಕೆ ಗಂಟಲು ಒಡೆಯದ ಹುಡುಗನೊಬ್ಬನನ್ನು ಹುಡುಕಿಕೊಳ್ಳುತ್ತಿದ್ದರು. ಕೊಳ್ಳೇಗಾಲದ ಗೋಷ್ಠಿಗೆ ಸಿಕ್ಕಿದವನು ನನ್ನ ಅಣ್ಣ ಮಾದೇಶ.

ಮುಂದೆ ಅವನು ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿ ಸುತ್ತಿನ ನಾಲ್ಕು ಜಿಲ್ಲೆಗೆ ಗೊತ್ತಾದ. ಹೋಟೆಲಿನವರು ಅವನ ಹಾಡು ಹಾಕಿಕೊಂಡು ಕಾಫಿ ಬೆರೆಸಿದರು. ಅವನ ಬಗ್ಗೆ ಕೇಳಿಕೊಂಡು ಬರುವವರಿಗೆಲ್ಲ ಆ ದೊಡ್ಡ ಗಂಟಲಿನ ಕತೆಯೇ ಬೇಕು. ನನಗೆ ನೆನಪಾಗುವುದು ಅದಕ್ಕೂ ಹಿಂದಿನದು, ಅವನ ಸಣ್ಣ ಗಂಟಲು ಒಡೆದ ಬೇಸಿಗೆ.

ನಮ್ಮದು ಬೇಸಾಯದ ಮನೆ. ಬಾವಿ ಸುತ್ತ ಹಿಪ್ಪುನೇರಳೆ ತೋಟ, ಮನೆಯೊಳಗೆ ರೇಷ್ಮೆ ಹುಳು. ಹಜಾರದ ಪಕ್ಕದ ಉದ್ದನೆಯ ಕೋಣೆಯಲ್ಲಿ ಬಿದಿರು ತಟ್ಟೆಗಳು ಒಂದರ ಮೇಲೊಂದು ಅಟ್ಟಣೆ ಹತ್ತಿ ಕೂತಿರುತ್ತಿದ್ದವು. ಹುಳು ಮನೆಯಲ್ಲಿದ್ದಷ್ಟು ದಿನ ಅವ್ವ ಮೆಣಸಿನಕಾಯಿ ಒಗ್ಗರಣೆ ಹಾಕುತ್ತಿರಲಿಲ್ಲ, ಘಾಟಿಗೆ ಹುಳು ಸಾಯುತ್ತವಂತೆ. ಸಪ್ಪೆ ಸಾರು, ಮುದ್ದೆ. ಬಾಯಿ ಚಪ್ಪೆಯಾಗಿ ನಾವು ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಕುಟ್ಟಿ, ಕಡ್ಡಿಗೆ ಮೆತ್ತಿಕೊಂಡು ಚೀಪುತ್ತಿದ್ದೆವು. ಹಸಿ ಸೊಪ್ಪಿನ ಮತ್ತು ಹುಳುವಿನ ಹಿಕ್ಕೆಯ ಆ ಒದ್ದೆ ವಾಸನೆ ನಮ್ಮ ಬಟ್ಟೆಗೂ ಹತ್ತಿಕೊಂಡಿರುತ್ತಿತ್ತು. ಕುಂಟೆಬಿಲ್ಲೆ ಆಡಲು ಹೋದರೆ ಗೆಳತಿಯರು ಮೂಗು ಮುಚ್ಚಿಕೊಂಡು, “ಬಂದ್ಲಪ್ಪ ಹುಳದ್ ರತ್ನಿ” ಅನ್ನುತ್ತಿದ್ದರು.

ಅಣ್ಣನ ಅಭ್ಯಾಸವೆಲ್ಲ ಆ ಕೋಣೆಯಲ್ಲಿ, ಸೊಪ್ಪು ಹೆಚ್ಚುವಾಗ. ಅವನು ಹೆಣ್ಣಿನ ಸಾಲು ಹಾಡಿದರೆ ಗಂಡಿನ ಸಾಲು ಹಾಡಲು ಮನೆಯಲ್ಲಿ ಇನ್ಯಾರು? ನಾನೇ. ಗದ್ದವನ್ನು ಎದೆಗೆ ಒತ್ತಿಕೊಂಡು, ಗಂಟಲು ದಪ್ಪ ಮಾಡಿಕೊಂಡು ನಾನು ‘ಪ್ರಿಯೆ’ ಅಂದರೆ, ನನಗಿಂತ ಮೂರು ವರ್ಷಕ್ಕೆ ದೊಡ್ಡವನಾದ ಅವನು ನಾಚಿಕೊಂಡವನ ಹಾಗೆ ‘ಪ್ರಿಯಾ’ ಅನ್ನುತ್ತಿದ್ದ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

“ಆಡ್ಕಳಿ, ಬ್ಯಾಡ ಅನ್ನಲ್ಲ. ಮೆಲ್ಲುಕೆ ಆಡ್ಕಳಿ, ಹುಳ ಬೆದರ್ತವ.”

ಗೋಷ್ಠಿಯ ಯಜಮಾನ ಸಿದ್ದರಾಜು ಅನ್ನುವವರು. ಕೊಳ್ಳೇಗಾಲದ ಪೇಟೆ ಬೀದಿಯಲ್ಲಿ ದರ್ಜಿ ಅಂಗಡಿ, ಸಂಜೆಗೆ ಹಾರ್ಮೋನಿಯಂ. ಎಲ್ಲರೂ ಅವರನ್ನು ಮಾಸ್ತರು ಅನ್ನುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಅಣ್ಣ ಹಾಡಿದ್ದನ್ನು ಕೇಳಿ ಅವರೇ ಮನೆಗೆ ಬಂದು ಅಪ್ಪನನ್ನು ಒಪ್ಪಿಸಿದ್ದರು, ಅವನಿಗೊಂದು ಬಿಳಿ ಅಂಗಿಯನ್ನೂ ಹೊಲಿದುಕೊಟ್ಟಿದ್ದರು. ಮೈಕಿಗೆ ಎಟುಕದ್ದರಿಂದ ಅಣ್ಣನನ್ನು ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸುತ್ತಿದ್ದರು. ಹಿಂದೆ ಕೂತವರಿಗೆ ಹುಡುಗ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಹಾಡು ಮುಗಿದ ಮೇಲೆ ‘ಆ ಹುಡುಗಿ’ಯನ್ನು ನೋಡಲು ಎದ್ದು ಬರುತ್ತಿದ್ದರು. ಒಂದು ಮದುವೆಯಲ್ಲಿ ಮುದುಕಿಯೊಬ್ಬಳು ಸೊಂಟದಿಂದ ಮೊಳ ಮಲ್ಲಿಗೆ ತೆಗೆದು, “ತಕ ಕೂಸೆ, ಮುಡ್ಕ” ಅಂತ ಕೈ ಚಾಚಿದವಳು, ಎದುರಿಗೆ ಚಡ್ಡಿ ಹುಡುಗನನ್ನು ಕಂಡು, “ಅಯ್ಯ ಶಿವನೇ!” ಅಂತ ಕೆನ್ನೆ ಬಡಿದುಕೊಂಡಳಂತೆ. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅಣ್ಣ ಆ ಹೂವನ್ನು ಲಾಡಿನ ಪೊಟ್ಟಣದ ಜೊತೆ ಜೇಬಿನಲ್ಲಿಟ್ಟುಕೊಂಡು ಬಂದು ನನಗೆ ಕೊಟ್ಟ. ಮಲ್ಲಿಗೆಗೆಲ್ಲ ತುಪ್ಪದ ವಾಸನೆ.

ಆ ವರ್ಷ ಯಳಂದೂರಿನಲ್ಲಿ ಅವ್ವನ ಚಿಕ್ಕಪ್ಪನ ಮೊಮ್ಮಗಳ ಮದುವೆ. ನಮ್ಮ ನೆಂಟರದೇ ಮದುವೆ, ನಮ್ಮಣ್ಣನದೇ ಹಾಡು. ಮನೆಮಂದಿಯೆಲ್ಲ ಹೋದೆವು. ಸಂಜೆ ಆರತಕ್ಷತೆ. ಹೆಣ್ಣು ಗಂಡು ಕೂತ ಕುರ್ಚಿಯ ಪಕ್ಕದಲ್ಲೇ ಗೋಷ್ಠಿಯವರಿಗೆ ಜಮಖಾನ ಹಾಸಿದ್ದರು. ನಾನು ಎಲ್ಲರಿಗಿಂತ ಮುಂದೆ ಕೂತು, ಪಕ್ಕದವಳಿಗೆ “ನಮ್ಮಣ್ಣ” ಅಂತ ತೋರಿಸಿದ್ದೂ ಆಯಿತು.

ಮೊದಲ ಎರಡು ಹಾಡು ಸರಾಗವಾಗಿ ಆದವು. ಮೂರನೆಯದು ಆಗ ಎಲ್ಲರ ಬಾಯಲ್ಲೂ ಇದ್ದ ಒಂದು ಯುಗಳಗೀತೆ. ಅದರ ಚರಣದಲ್ಲಿ ಹೆಣ್ಣು ದನಿ ಏಣಿ ಹತ್ತಿದ ಹಾಗೆ ಹತ್ತಿ ತುದಿಯಲ್ಲಿ ನಿಲ್ಲಬೇಕು. ಅಣ್ಣ ಹತ್ತಿದ. ತುದಿಯಲ್ಲಿ ಗಂಟಲಿನಿಂದ ಅವನದಲ್ಲದ ಯಾವುದೋ ದನಿ ಹೊರಟಿತು, ಒಡಕು ತಮಟೆಗೆ ಬಡಿದ ಹಾಗೆ. ಅವನೇ ಬೆಚ್ಚಿಬಿದ್ದ. ಮತ್ತೆ ಪ್ರಯತ್ನಿಸಿದ, ಈ ಸಲ ದನಿ ಕೆಳಗೆ ಎಲ್ಲೋ ಹೋಗಿ ಬಿತ್ತು. ಮೈಕು ಅದನ್ನು ಊರಿಗೆಲ್ಲ ಹಂಚಿತು. ಚಪ್ಪರ ಗೊಳ್ಳೆಂದಿತು. ಹಿಂದಿನಿಂದ ಯಾರೋ, “ಎಣ್ಗೆ ಮೀಸ ಬಂತು ಕಣ್ರಲಾ!” ಅಂದರು. ಗಂಡಿನ ದನಿಯವರು ಅವನ ಸಾಲನ್ನೂ ತಾವೇ ಹಾಡಿ ಮುಗಿಸಿದರು. ಅಣ್ಣ ಪೆಟ್ಟಿಗೆಯಿಂದ ಇಳಿದು ವಾದ್ಯದ ಚೀಲಗಳ ಹಿಂದೆ ಹೋಗಿ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಅವ್ವ ಎಲೆಯಲ್ಲಿ ಹೋಳಿಗೆ ಸುತ್ತಿ ತಂದು ಅವನ ಮಡಿಲಲ್ಲಿಟ್ಟಳು.

ಮನೆಗೆ ಬಂದ ಮೇಲೆ ಅವನು ಬಾಯಿ ಬಿಡುವುದನ್ನೇ ನಿಲ್ಲಿಸಿದ. ಮಾತಾಡಿದರೂ ದನಿ ಮೇಲೆ ಕೆಳಗೆ ಜಾರುತ್ತಿತ್ತು. ಶಾಲೆಯಲ್ಲಿ ಹುಡುಗರು ಕಾಗೆಯ ಹಾಗೆ ಕೂಗಿ ಕಾಡುತ್ತಿದ್ದರಂತೆ. ಏನು ಬೇಕಾದರೂ ಕೈಸನ್ನೆಯಲ್ಲೇ ಕೇಳುತ್ತಿದ್ದ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಇದ್ದುಬಿಡುತ್ತದೆ. ಅದನ್ನು ನಾವು ‘ಜ್ವರಕ್ಕೆ ಕೂರುವುದು’ ಅನ್ನುತ್ತೇವೆ. ಅವ್ವ ಅಪ್ಪನಿಗೆ ಹೇಳುತ್ತಿದ್ದಳು, “ನಮ್ ಮಾದೇಸನೂ ಜ್ವರಕ್ಕ ಕುಂತವ್ನ. ಯಾರೂ ಮುಟ್ಬ್ಯಾಡಿ, ಅವ್ನೇ ಏಳ್ತಾನ.”

ಒಂದು ಮಧ್ಯಾಹ್ನ ಮಾಸ್ತರು ಸೈಕಲ್ಲಿನಲ್ಲಿ ಬಂದರು. ಅಣ್ಣ ಹಜಾರದ ಮೂಲೆಯಲ್ಲಿ ಕೂತಿದ್ದ. ಮಾಸ್ತರು ಅವನ ಬೆನ್ನು ತಟ್ಟಿ ಅಪ್ಪನಿಗೆ ಹೇಳಿದರು, “ಗಂಡು ಮಕ್ಳಿಗೆಲ್ಲ ಆಗೋದೇ ಗೌಡ್ರೆ. ವರ್ಷೊಪ್ಪತ್ನಲ್ಲಿ ಒಳ್ಳೆ ಗಂಟ್ಲೇ ಬತ್ತದ. ಆದ್ರೆ ಹನೂರಲ್ಲಿ ಒಂದು ಮದ್ವ ಒಪ್ಕಂಬುಟ್ಟಿವ್ನಿ. ಈಗ ಎಣ್ಣು ದನಿಗೆ ಎಲ್ಲಿಗೋಗ್ಲಿ?”

ಹುಳದ ಕೋಣೆಯಲ್ಲಿ ನಾನು ಸೊಪ್ಪು ಹೆಚ್ಚುತ್ತಿದ್ದೆ. ಅಣ್ಣ ಹಾಡುವುದನ್ನು ಬಿಟ್ಟ ಮೇಲೆ ಆ ಕೋಣೆ ಬಣಬಣ ಅನ್ನಿಸುತ್ತಿತ್ತು. ನನಗೆ ಗೊತ್ತಿಲ್ಲದೆಯೇ ಅವನ ಸಾಲುಗಳನ್ನು ನಾನು ಹಾಡಿಕೊಳ್ಳತೊಡಗಿದ್ದೆ. ಗದ್ದ ಒತ್ತಿಕೊಳ್ಳದೆ, ನನ್ನದೇ ಗಂಟಲಿನಲ್ಲಿ. ಹೊರಗೆ ಮಾತು ನಿಂತದ್ದು ಗೊತ್ತಾಗಿ ತಲೆ ಎತ್ತಿದರೆ ಮಾಸ್ತರು ಬಾಗಿಲಲ್ಲಿ ನಿಂತಿದ್ದಾರೆ.

“ಗೌಡ್ರೆ, ದನಿ ಮನೇಲೇ ಮಡಿಕಂಡು ನನ್ನ ಊರೂರು ಅಲೆಸ್ತಿದ್ದೀರಲ್ಲ!”

ಅಪ್ಪ ಹೇಳಿದ, “ಅವ್ನು ಆಡ್ದ, ಸರಿ. ಎಣ್ಣುಡ್ಗಿ ಮೈಕ್ ಮುಂದ ನಿಂತ್ಕಂಡ್ರೆ ನಾಳ ನೆಂಟ್ರ ಬಾಯ್ಗ ಬೀಳ್ಬೇಕು. ಬ್ಯಾಡಿ ಮಾಸ್ತರೆ.”

ಅಣ್ಣ ಎದ್ದು ಯಾರ ಮುಖವನ್ನೂ ನೋಡದೆ ತೋಟದ ಕಡೆ ಹೊರಟುಹೋದ. ಅವನ ಹಾಡನ್ನು ನಾನು ಕದ್ದೆ ಅಂದುಕೊಂಡನೇನೋ ಅಂತ ಹಿಂದೆಯೇ ಓಡಿದೆ.

ಹಿಪ್ಪುನೇರಳೆ ಸಾಲುಗಳ ನಡುವೆ ಕೂತಿದ್ದ. ನನ್ನನ್ನು ನೋಡಿ, ಎಷ್ಟೋ ದಿನದ ಮೇಲೆ ಮಾತಾಡಿದ. ಆ ಒಡಕು ದನಿಯಲ್ಲೇ.

“ಚೆನ್ನಾಗಾಡ್ತೀಯ ಕಣೆ ರತ್ನಿ. ಕೇಳ್ಬುಟ್ಟು ಒಟ್ಟ ಉರ್ದೋಯ್ತು.”

“ಇನ್ನ ಆಡಲ್ಲ ಬುಡಣ್ಣ.”

“ಲೇ, ಉರ್ದೋಯ್ತು ಅಂದೆ. ಆಡ್ಬ್ಯಾಡ ಅಂದ್ನಾ?”

ಪಕ್ಕದಲ್ಲಿ ಕೂರಿಸಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಏನೋ ಗುನುಗಿದ. ನಾನು ಕೇಳಿದ ಯಾವ ಹಾಡೂ ಅದಾಗಿರಲಿಲ್ಲ. ಮೇಲೆ ಹತ್ತುತ್ತಿರಲಿಲ್ಲ, ಕೆಳಗೆ ಇಳಿಯುತ್ತಿರಲಿಲ್ಲ. ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆಯುವವರ ಹಾಗೆ ಮೂರು ನಾಲ್ಕು ಸ್ವರಗಳಲ್ಲೇ ಓಡಾಡುತ್ತಿತ್ತು.

“ಇದ್ಯಾವ್ದಣ್ಣ?”

“ಯಾರ್ದೂ ಅಲ್ಲ. ಗಂಟ್ಲು ಎಷ್ಟು ದೂರ ಒಡೀದೆ ಓಯ್ತದೋ ಅಷ್ಟ್ರೊಳ್ಗೇ ಮಾಡ್ಕಂಡಿವ್ನಿ. ಮಾತೂ ಅದ, ಕೇಳ್ತೀಯಾ?”

ಹಾಡಿದ:

ಹೊರಗೆ ಮೋಡವಿಲ್ಲ ತಂಗಿ, ಒಳಗೆ ಮಳೆಯ ಸದ್ದು
ಅವ್ವ ಸೊಪ್ಪು ಹಾಕುತಾಳೆ ನಿದ್ದೆಯನ್ನೆ ಹೊದ್ದು

ದೊಡ್ಡ ಹುಳುಗಳು ಎಲ್ಲವೂ ಒಟ್ಟಿಗೆ ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಮಳೆ ಸುರಿದ ಹಾಗೆ ಸದ್ದಾಗುತ್ತದೆ. ಹುಟ್ಟಿದಾಗಿನಿಂದ ಕೇಳಿದ್ದೆ. ಅದನ್ನು ಹಾಡಿನಲ್ಲಿ ಹೇಳಬಹುದು ಅಂತ ಮಾತ್ರ ನನಗೆ ಹೊಳೆದಿರಲಿಲ್ಲ. ಸಿನಿಮಾ ಹಾಡುಗಳಲ್ಲಿ ಚಂದ್ರ, ಹೂವು, ದೋಣಿ ಇರುತ್ತಿದ್ದವು. ನಮ್ಮ ಮನೆ ಇರುತ್ತಿರಲಿಲ್ಲ.

ಅಣ್ಣ ನನ್ನ ಕೈ ಹಿಡಿದುಕೊಂಡೇ ಮನೆಗೆ ಬಂದ. ಅಪ್ಪನಿಗೆ ಹೇಳಿದ, “ಅಪ್ಪ, ಇವ್ಳು ಆಡ್ಲಿ. ನಾನು ಪಕ್ಕ ನಿಂತಿರ್ತೀನಿ. ಯಾರ್ ಏನಂದಾರು?” ಮಗ ಬಾಯಿ ಬಿಟ್ಟನಲ್ಲ ಅನ್ನುವ ಸಮಾಧಾನಕ್ಕೋ ಏನೋ, ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮಾಸ್ತರು ಅದನ್ನೇ ಒಪ್ಪಿಗೆ ಅಂತ ತಿಳಿದು ಸೈಕಲ್ ಹತ್ತಿದರು.

ಹನೂರಿನಲ್ಲಿ ಜವಳಿ ವ್ಯಾಪಾರಿಯೊಬ್ಬರ ಮನೆಯ ಮದುವೆ. ಬಸ್ಸಿನ ಮೇಲೆ ವಾದ್ಯಗಳು, ಒಳಗೆ ನಾವು, ನಮ್ಮ ಜೊತೆ ಅಪ್ಪ. ಮಾಸ್ತರು ಅಂಗಡಿಯಲ್ಲಿ ಉಳಿದ ಹಸುರು ಬಟ್ಟೆಯಲ್ಲಿ ನನಗೊಂದು ಲಂಗ ಹೊಲಿದಿದ್ದರು. ಮೈಕಿನ ಹತ್ತಿರ ಬಾಯಿ ತಂದರೆ ಎಲೆಯಡಿಕೆ ವಾಸನೆ, ಯಾರು ಯಾರು ಉಗುಳು ಹಾರಿಸಿದ್ದರೋ. ನನ್ನ ಮೊದಲ ದನಿ ಚಪ್ಪರದ ಆ ತುದಿಗೆ ಕಟ್ಟಿದ್ದ ಧ್ವನಿವರ್ಧಕದ ತುತ್ತೂರಿಯಿಂದ ಹೊರಬಂದಾಗ ಯಾರೋ ನನ್ನನ್ನು ಕರೆದರೆಂದು ತಿರುಗಿ ನೋಡಿದೆ. ಅಣ್ಣ ಬೆನ್ನಿಗೆ ಕೈ ಕೊಟ್ಟು ನಿಂತಿದ್ದ. ತಾಳ ತಪ್ಪುವ ಕಡೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಹೇಗೋ ಹಾಡಿದೆ. ಜನ ಚಪ್ಪಾಳೆ ತಟ್ಟಿದರು. ಅಪ್ಪ ಕಂಬದ ಮರೆಯಲ್ಲಿ ಬೀಡಿ ಹಚ್ಚಿದ, ಸೇದಲು ಮರೆತು ಕೈಯಲ್ಲೇ ಹಿಡಿದುಕೊಂಡಿದ್ದ.

ಕೊನೆಯಲ್ಲಿ, ಅಭ್ಯಾಸದ ನಡುವೆ ಅಣ್ಣನ ಆ ಮಳೆಯ ಸದ್ದಿನ ಹಾಡು ಕೇಳಿದ್ದ ಮಾಸ್ತರು ಅವನ ಕಡೆ ನೋಡಿ, “ನಿಂದು ಆಗ್ಲಿ” ಅಂದರು. ಅಣ್ಣ ಮೈಕಿನ ಮುಂದೆ ಬಂದ. ಈಗ ಪೆಟ್ಟಿಗೆ ಬೇಕಾಗಿರಲಿಲ್ಲ, ಆ ಕೆಲವೇ ತಿಂಗಳಲ್ಲಿ ಅಷ್ಟು ಎತ್ತರ ಬೆಳೆದಿದ್ದ. ಮೊದಲ ಸಾಲು ಅವನು, ಎರಡನೆಯ ಸಾಲು ನಾನು. ಜನ ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು. ಗೊತ್ತಿಲ್ಲದ ಹಾಡು ಯಾರಿಗೆ ಬೇಕು? ಮುಂದೆ ಕೂತಿದ್ದ ಪೇಟದ ಯಜಮಾನರೊಬ್ಬರು ನಡುವೆಯೇ ಕೇಳಿದರು, “ಲೇ ಹೈದ, ಇದು ಯಾವ್ ಪಿಚ್ಚರ್ದ್ಲಾ?”

ಅಣ್ಣ ಹಾಡು ನಿಲ್ಲಿಸಿದ. ಮೈಕಿನಲ್ಲೇ ಹೇಳಿದ, “ಪಿಚ್ಚರ್ದಲ್ಲ ಸಾ. ನಮ್ಮನೇದು.”

ಯಾರೋ ನಕ್ಕರು. ನಾನು ಕಣ್ಣು ಮುಚ್ಚಿಕೊಂಡೆ, ಮತ್ತೆ ಯಳಂದೂರೇ ಆಗುತ್ತದೆ ಅಂತ. ಅಣ್ಣ ಮಾತ್ರ ಬಿಟ್ಟ ಕಡೆಯಿಂದಲೇ ಶುರು ಮಾಡಿದ. ಕಣ್ಣು ಬಿಟ್ಟಾಗ ಅಡುಗೆ ಮನೆ ಕಡೆಯಿಂದ ಹೆಂಗಸರು ಒಬ್ಬೊಬ್ಬರಾಗಿ ಕೈ ಒರೆಸಿಕೊಳ್ಳುತ್ತಾ ಬಂದು ನಿಲ್ಲುತ್ತಿದ್ದರು. ಅವರೆಲ್ಲ ಹುಳು ಸಾಕುವ ಮನೆಗಳವರೇ. ಹಾಡು ಮುಗಿಯಿತು. ಚಪ್ಪಾಳೆ ಬೀಳಲಿಲ್ಲ. ಆ ಹೆಂಗಸರಲ್ಲಿ ಒಬ್ಬಳು ಗಂಡಸರಿದ್ದಾರೆ ಅನ್ನುವುದನ್ನೂ ನೋಡದೆ ಕೂಗಿ ಕೇಳಿದಳು, “ಮಗ, ಇನ್ನೊಂದ್ಸಲ ಆಡಪ್ಪ. ಒಳಗ್ ಇದ್ದೋ, ಪೂರಾ ಕೇಳ್ನಿಲ್ಲ.”

ಎರಡನೆಯ ಸಲ ಹಾಡುವಾಗ ಅಣ್ಣನ ಗಂಟಲು ಎರಡು ಕಡೆ ಒಡೆಯಿತು. ಯಾರೂ ನಗಲಿಲ್ಲ.

ಮನೆಗೆ ಬಂದು ಅವ್ವನಿಗೆ ಹಾಡಿ ತೋರಿಸಿದೆವು. ಕೇಳಿದವಳೇ, “ಥೂ, ನನ್ ನಿದ್ದೆಯ ಊರ್ಗೆಲ್ಲ ಸಾರ್ಬುಟ್ರಲ್ಲ” ಅಂದು ತಟ್ಟೆಗಳ ಕಡೆ ತಿರುಗಿಕೊಂಡಳು. ತಿರುಗಿದವಳು ಬಹಳ ಹೊತ್ತು ಈ ಕಡೆ ಬರಲಿಲ್ಲ.

ನಾನು ಹಾಡಿದ್ದು ಆ ಒಂದೇ ಬೇಸಿಗೆ. ಮುಂದಿನ ವರ್ಷ ದೊಡ್ಡವಳಾದೆ, ಯಾರೂ ಬೇಡ ಅನ್ನದೆಯೇ ಅದು ನಿಂತುಹೋಯಿತು. ಅಣ್ಣ ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿಗೆ ಹೋದ. ಅಲ್ಲಿನ ಗೋಷ್ಠಿಗಳಲ್ಲಿ ಹಾಡಿದ, ರೇಡಿಯೋದಲ್ಲಿ ಹಾಡಿದ, ಆಮೇಲೆ ಮದರಾಸಿಗೆ ಹೋಗಿ ತನ್ನ ಹಾಡುಗಳ ಗ್ರಾಮಫೋನ್ ತಟ್ಟೆ ಮಾಡಿಸಿದ. ಮೊದಲ ತಟ್ಟೆ ಹಿಡಿದುಕೊಂಡು ನನ್ನ ಗಂಡನ ಮನೆಗೇ ಬಂದಿದ್ದ. ಕೇಳಿದೆ. ಹನೂರಿನಲ್ಲಿ ಹಾಡಿದ್ದ ಅದೇ ಹಾಡು. ಪಿಟೀಲುಗಳ ಹಿಂಡು, ನನ್ನ ಸಾಲಿಗೆ ಬೇರೆ ಯಾರೋ ಹೆಣ್ಣಿನ ನುಣುಪಾದ ದನಿ. ‘ತಂಗಿ’ ಇದ್ದ ಕಡೆ ‘ನಲ್ಲೆ’ ಬಂದಿತ್ತು. ಅವ್ವನೂ ಇರಲಿಲ್ಲ, ಸೊಪ್ಪೂ ಇರಲಿಲ್ಲ. ಮಳೆಯೊಂದು ಉಳಿದಿತ್ತು, ಅದೂ ನಿಜವಾದ ಮಳೆ.

ಅಣ್ಣ ತಲೆ ತಗ್ಗಿಸಿಕೊಂಡು ಹೇಳಿದ, “ಅಲ್ಲಿ ಯಾರ್ಗೂ ತಂಗಿ ಬ್ಯಾಡ್ವಂತೆ ಕಣವ್ವ.”

ನಾನು ನಕ್ಕು, “ಊಟಕ್ಕೇಳು” ಅಂದೆ. ಆ ತಟ್ಟೆಯೇ ಅವನಿಗೆ ಹೆಸರು ತಂದಿತು. ನನಗೆ ಅದರ ಮೇಲೆ ಕೋಪವಿಲ್ಲ.

ಈಗ ಅವನ ಹಾಡುಗಳಿಗೆ ಬರವಿಲ್ಲ. ಮೊಮ್ಮಕ್ಕಳು ಫೋನು ಒತ್ತಿದರೆ ಬರುತ್ತವೆ. ಹೋದ ಸಲ ಬಂದಾಗ ಅಣ್ಣ ಜಗಲಿಯಲ್ಲಿ ಕೂತು, ತನ್ನ ಹಾಡನ್ನು ತಾನೇ ಸ್ವಲ್ಪ ಕೇಳಿ, ನಿಲ್ಲಿಸಿ, “ರತ್ನಿ, ನಂದು ಮೊದ್ಲಿನ ಗಂಟ್ಲು ಎಂಗಿತ್ತೆ?” ಅಂತ ಕೇಳಿದ. ನಾನು ಹೇಳಹೊರಟೆ. ಚಪ್ಪರ ನೆನಪಾಯಿತು, ಕೇಳುವವರ ಬಾಯಿ ತೆರೆದ ಮುಖಗಳು ನೆನಪಾದವು. ದನಿ ಮಾತ್ರ ಇನ್ನೇನು ಕಿವಿಗೆ ಬಂತು ಅನ್ನುವಷ್ಟರಲ್ಲಿ ಜಾರಿಹೋಯಿತು. ಅದನ್ನು ಯಾರೂ ಎಲ್ಲೂ ಹಿಡಿದಿಡಲಿಲ್ಲ. ಅವ್ವ ಹೋದಳು, ಅಪ್ಪ ಹೋದ, ಮಾಸ್ತರು ಹೋದರು. ಆ ಮದುವೆಗಳಲ್ಲಿ ಮದುಮಕ್ಕಳಾಗಿ ಕೂತಿದ್ದವರೂ ಅನೇಕರು ಹೋದರು. ಆ ದನಿಯ ಪಾಲಿಗೆ ಉಳಿದವರು ಈಗ ನಾವಿಬ್ಬರೇ. ಅದನ್ನು ಒಂದು ಸಲವೂ ಹೊರಗೆ ಕೂತು ಕೇಳದ ಅವನು, ದಿನದಿನಕ್ಕೂ ಮರೆಯುತ್ತಿರುವ ನಾನು.