ಜೊತೆಗೆ ಬಂದವರ ಹೆಸರು

“ಜೊತೆಗೆ ಯಾರು ಬಂದಿದ್ದಾರೆ?” ಹೆಬ್ಬಾಳದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನರ್ಸ್ ಕೇಳಿದಳು. ಫಾರಂನಲ್ಲಿ ಜೊತೆಗೆ ಬಂದವರ ಹೆಸರಿನ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿ ಹತ್ತು ದಿನವಾಗಿತ್ತು. ಮತ್ತಿಕೆರೆಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ನಾನು ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ, ಕೊರಳಲ್ಲಿ ಪುಟ್ಟ ಶಿಲುಬೆ ತೊಟ್ಟಿದ್ದ ವಯಸ್ಸಾದ ಹೆಂಗಸೂ ಒಬ್ಬರೇ ಬಂದಿದ್ದರು.

“ನನಗೆ ನೀನು, ನಿನಗೆ ನಾನು. ಹೆಸ್ರೇನಮ್ಮ?” ಎಂದರು. ನಾನು ಹೇಳುತ್ತಲೇ ನನ್ನ ಫಾರಂ ಕಿತ್ತುಕೊಂಡು, ಅದರಲ್ಲಿ ತಮ್ಮ ಹೆಸರು, ತಮ್ಮದರಲ್ಲಿ ನನ್ನ ಹೆಸರು ತುಂಬಿ ನರ್ಸ್ ಕೈಗಿತ್ತರು.

“ನಿಮಗೆ ಭಯ ಇಲ್ವಾಮ್ಮ?” ಎಂದೆ.

“ಯಾಕಿಲ್ಲ? ತುಂಬಾನೇ ಇದೆ. ಆದ್ರೆ ನಲವತ್ತು ದಿನ ವ್ರತ ಅಂತ ಮಾಂಸ ಮುಟ್ಟಿಲ್ಲ, ನಾಳೆ ಈಸ್ಟರ್. ಯೇಸಪ್ಪ ಸಮಾಧಿಯಿಂದ ಎದ್ದು ಬಂದ ದಿನ ನಾನು ಮುಸುಕು ಹಾಕ್ಕೊಂಡು ಮಲಗ್ಲಾ? ರಿಪೋರ್ಟ್ ಬರೋದು ಸೋಮವಾರ ತಾನೇ! ಒಬ್ಬಳಿಗೇ ಆದ್ರೂ ನಾಳೆ ಮಟನ್ ಬಿರಿಯಾನಿ ಮಾಡೋದೇ.”

ಅಷ್ಟರಲ್ಲಿ ಅವರ ಟೋಕನ್ ಕೂಗಿದರು. ಹಣೆ, ಎದೆ, ಭುಜ ಮುಟ್ಟಿಕೊಂಡು ಶಿಲುಬೆ ಗುರುತು ಹಾಕಿ ಒಳಗೆ ಹೋದರು. ನನ್ನ ಸ್ಕ್ಯಾನ್ ಮುಗಿಸಿ ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

ಭಾನುವಾರ ನಾನೂ ಎದ್ದು, ಎಷ್ಟೋ ತಿಂಗಳ ನಂತರ ನನಗೊಬ್ಬಳಿಗೇ ಎಂದು ಬಿಸಿಬೇಳೆಬಾತ್ ಮಾಡಿ, ತಟ್ಟೆಗೆ ಬಡಿಸಿಕೊಂಡು ಉಂಡೆ. ಸೋಮವಾರ ನನ್ನ ಗಂಟು ಬರೀ ಕೊಬ್ಬಿನದೆಂದು ಗೊತ್ತಾಯಿತು. ಈ ಸುದ್ದಿ ಹೇಳಲು ನನಗಿದ್ದವರು ಅವರೊಬ್ಬರೇ. ನನ್ನ ಫಾರಂನಲ್ಲಿ ಅವರು ಬರೆದ ತಮ್ಮ ಹೆಸರನ್ನು ನಾನು ಓದಿಯೇ ಇರಲಿಲ್ಲ.