ಅತ್ತೆ ಕೊಟ್ಟ ತೀರ್ಥ

ನಮ್ಮತ್ತೆ ಈಗಲೂ ಎದೆ ತಟ್ಟಿಕೊಂಡು ಹೇಳುತ್ತಾರೆ: "ಮಗೀಗೆ ಅಮ್ಮ ಆದಾಗ ನಮ್ಮನೇಲಿ ಒಂದು ಮಾತ್ರೆನೂ ನುಂಗಿಸ್ಲಿಲ್ಲ ಕಣ್ರವ್ವ." ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಆ ಮಾತು ಸುಳ್ಳಲ್ಲ, ಅದೇ ನನ್ನ ಹೊಟ್ಟೆಯುರಿ.

ರಾಮಗಿರಿಯಲ್ಲಿ ನಮ್ಮ ಮನೆ. ಮಗಳು ಆಗಷ್ಟೇ ಒಂದನೇ ಕ್ಲಾಸು ಸೇರಿದ್ದಳು. ಬಾಯಿಬಡುಕಿ, ಮಲಗಿದರೂ ಮಾತು ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೈತುಂಬ ನೀರುಗುಳ್ಳೆ ಎದ್ದವು. ಡಾಕ್ಟರು ಚಿಕನ್‌ಪಾಕ್ಸ್ ಅನ್ನುವುದಕ್ಕೆ ನಮ್ಮಲ್ಲಿ ಅಮ್ಮ ಅನ್ನುತ್ತಾರೆ; ದೇವಿಯೇ ಮೈಮೇಲೆ ಬಂದಿದ್ದಾಳೆ ಎಂದು ಲೆಕ್ಕ. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು, ಅಡುಗೆಗೆ ಒಗ್ಗರಣೆ ನಿಂತಿತು. ಹೊಳಲ್ಕೆರೆ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತೇನೆ ಎಂದೆ. "ಸೂಜಿ, ಮಾತ್ರೆ ಅಂದ್ರೆ ಅಮ್ಮ ಮುನಿಸ್ಕಂತಾಳೆ, ಸುಮ್ಕಿರು," ಎಂದರು ಅತ್ತೆ. ನನ್ನ ಗಂಡ ತಾಯಿಯ ಎದುರು ಬಾಯಿ ಬಿಡುವ ಗಂಡಸಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಜ್ವರ ಏರಿದಾಗಲೆಲ್ಲ ಅತ್ತೆ ದೇವರ ಮನೆಯಿಂದ ಚೊಂಬಿನಲ್ಲಿ ತೀರ್ಥ ತಂದು ಕುಡಿಸುತ್ತಿದ್ದರು. ಜ್ವರ ಇಳಿಯುತ್ತಿತ್ತು. ನಾನೂ ಅಮ್ಮನಿಗೆ ಕೈ ಮುಗಿದೆ. ಗುಳ್ಳೆ ಒಣಗಿ, ಇನ್ನೇನು ಬೇವಿನ ನೀರೆರೆಯಬೇಕು ಅನ್ನುವಾಗ ಮಗುವಿಗೆ ವಾಂತಿ ಶುರುವಾಯಿತು. ಕುಡಿದ ನೀರೂ ನಿಲ್ಲಲಿಲ್ಲ. ಆಮೇಲೆ ಕಣ್ಣು ಮೇಲಕ್ಕೆ ಮಾಡಿ ಕಿರುಚತೊಡಗಿತು. ಮುಟ್ಟಲು ಹೋದರೆ ನನ್ನ ಗುರುತೇ ಇಲ್ಲದಂತೆ ಒದೆಯಿತು.

"ಅಮ್ಮ ಮೈದುಂಬ್ಯಾಳೆ!" ಎಂದು ಅತ್ತೆ ಅಡ್ಡಬಿದ್ದರು. ಓಣಿಯ ಹೆಂಗಸರೆಲ್ಲ ನೆರೆದರು. ನನ್ನ ಕೂಸಿನ ಹಣೆಗೆ ಕುಂಕುಮ ಬಡಿದರು. ಒಬ್ಬಳು ಮಗನ ಮದುವೆ ಯಾವಾಗ ಎಂದು ಕೇಳಿದಳು, ಇನ್ನೊಬ್ಬಳು ಕಳೆದ ಮೂಗುತಿ ಎಲ್ಲೈತೆ ಎಂದಳು. ಅಯ್ಯೋ, ಇವರ ಬಾಯಿಗೆ ಮಣ್ಣು ಹಾಕ! ಮಗುವನ್ನು ಎತ್ತಿಕೊಂಡು ಓಡಿ ಆಟೋ ಹತ್ತಿದೆ. ಅತ್ತೆ ಬೈಯುತ್ತಲೇ ಪಕ್ಕಕ್ಕೆ ಕೂತರು. ಹೊಳಲ್ಕೆರೆಯವರು ನೋಡಿ ಚಿತ್ರದುರ್ಗಕ್ಕೆ ಕಳಿಸಿದರು.

"ಏನು ಔಷಧಿ ಕೊಟ್ಟಿದ್ರಿ?" ಎಂದು ಅಲ್ಲಿನ ಡಾಕ್ಟರಮ್ಮ ಕೇಳಿದರು.

"ಏನೂ ಇಲ್ರಿ. ಬರೀ ತೀರ್ಥ," ಎಂದರು ಅತ್ತೆ.

"ತೀರ್ಥದಲ್ಲಿ ಏನಿತ್ತು?"

"ಬೇವು, ಅರಿಶಿಣ..." ಅತ್ತೆ ಬೆರಳು ಮಡಿಸಿದರು. "ಆಮೇಲೆ ತಲೆನೋವಿಗೆ ನಾನು ತಗಳೋ ಅಂಗಡಿ ಮಾತ್ರೆ. ಅದು ನುಂಗೋದಲ್ರಿ, ನೀರಿಗಾಕಿದ್ರೆ ಕರಗೋಗ್ತೈತೆ. ಅಮ್ಮನ ಮುಂದೆ ಇಟ್ಟೇ ಕೊಟ್ಟಿದ್ದು."

ಅದು ಆಸ್ಪಿರಿನ್. ಚಿಕನ್‌ಪಾಕ್ಸ್ ಆದ ಮಕ್ಕಳಿಗೆ ಅದನ್ನು ಕೊಡಲೇಬಾರದಂತೆ. ಕೆಲವು ಮಕ್ಕಳಿಗೆ ಲಿವರ್ ಕೆಟ್ಟು ಮೆದುಳು ಬಾತುಕೊಳ್ಳುತ್ತದಂತೆ. ಜ್ವರಕ್ಕೆ ಬೇರೆ ಔಷಧಿ ಇದೆ, ತೂಕ ನೋಡಿ ಕೊಡುತ್ತಿದ್ದೆವು, ಮೊದಲೇ ಯಾಕೆ ಬರಲಿಲ್ಲ ಎಂದು ಡಾಕ್ಟರಮ್ಮ ನನ್ನನ್ನೇ ಗದರಿದರು. ನಾನು ಅತ್ತೆಯ ಮುಖ ನೋಡಿದೆ. ಅವರು ಸೆರಗಿನ ಗಂಟಿನಲ್ಲಿ ಕುಂಕುಮದ ಪೊಟ್ಟಣ ಹುಡುಕುತ್ತಿದ್ದರು.

ಮಗಳು ಬದುಕಿದಳು. ಆ ಬಾಯಿಬಡುಕಿ ಮಾತ್ರ ವಾಪಸು ಬರಲಿಲ್ಲ. ಈಗ ಚಮಚ ಬೇಕಾದರೆ ಚಮಚ ಅನ್ನುವ ಮಾತು ಸಿಗದೆ ನನ್ನ ಮುಖ ನೋಡುತ್ತಾಳೆ. ಅಮ್ಮನೇ ಉಳಿಸಿದ್ದು ಎಂದು ಅತ್ತೆ ಊರೆಲ್ಲ ಸಾರಿದ್ದಾರೆ. ಮಂಗಳವಾರ ನಾನು ಹೊಲಕ್ಕೆ ಹೋದರೆ ಸಾಕು, ಅವಳನ್ನು ಚಾಪೆ ಮೇಲೆ ಕೂರಿಸಿ ಹೆಂಗಸರು ಪ್ರಶ್ನೆ ಕೇಳುತ್ತಾರೆ.

ಹೋದ ಮಂಗಳವಾರ ಬೇಗ ಬಂದುಬಿಟ್ಟೆ. ಪಕ್ಕದ ಮನೆಯವಳು ಕಾಯಿ ಹಿಡಿದು ಅವಳ ಮುಂದೆ ಕೂತಿದ್ದಳು.

"ನನ್ ಮಗೀಗೂ ಅಮ್ಮ ಆಗೈತೆ ತಾಯಿ, ಮೈ ಸುಡ್ತೈತೆ. ಏನು ಕೊಡ್ಲಿ?"

ನನ್ನ ಮಗಳು ಬಹಳ ಹೊತ್ತು ಮಾತು ಹುಡುಕಿದಳು. ಸಿಕ್ಕಿತು.

"ತೀರ್ಥ," ಅಂದಳು.

ಅತ್ತೆ ಚೊಂಬು ತರಲು ಎದ್ದರು. ನಾನು ದೇವರ ಮನೆಯ ಬಾಗಿಲಿಗೆ ಅಡ್ಡ ನಿಂತೆ.