ಬೀದರಿನಿಂದ ಬಂದ ಅರಿಶಿನ

ನನ್ನ ಮುಖಕ್ಕೆ ಏನು ಹಚ್ಚಬೇಕೆಂದು ನಾನೇ ತೀರ್ಮಾನಿಸುತ್ತೇನೆ ಅಂದದ್ದಕ್ಕೆ ನನ್ನ ಮದುವೆ ಮುರಿದುಬೀಳುವುದರಲ್ಲಿತ್ತು. ಜಗಳ ವರದಕ್ಷಿಣೆಯದಲ್ಲ, ಊಟೋಪಚಾರದ್ದೂ ಅಲ್ಲ. ಒಂದು ಬಟ್ಟಲು ಅರಿಶಿನದ್ದು. ಇವತ್ತಿಗೂ ನಮ್ಮ ಬೀಗರ ಕಡೆ ಕೆಲವರು ನನ್ನನ್ನು "ಅರಶಿಣ ಒಲ್ಲೆ ಅಂದಾಕಿ" ಎಂದೇ ಗುರುತಿಸುತ್ತಾರೆ. ಗುರುತಿಸಲಿ. ಅದನ್ನು ನಾನು ಬೈಗುಳ ಎಂದುಕೊಂಡಿಲ್ಲ.

ನಾನು ಔರಾದಿನವಳು, ಕಪ್ಪು ಹುಡುಗಿ. ಎಣ್ಣೆಗಪ್ಪು, ಸಾದಗಪ್ಪು ಎಂದೆಲ್ಲ ಬೆಲ್ಲ ಸವರಿ ಹೇಳುವುದು ಬೇಡ. ನಮ್ಮ ಕಡೆ ಹೊಲದ ಮಣ್ಣು ಕಪ್ಪಗಿದ್ದರೆ "ಏನ್ ಭೂಮಿ ಅದರೀ!" ಎಂದು ಬಾಯಿ ಚಪ್ಪರಿಸುತ್ತಾರೆ, ಮನೆಯ ಮಗಳು ಕಪ್ಪಗಿದ್ದರೆ ದನಿ ತಗ್ಗಿಸುತ್ತಾರೆ. ಬೀದರಿನಲ್ಲಿ ಬಿ.ಎಡ್. ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಬೆಳ್ಳಗಾಗುವ ಕ್ರೀಮಿನ ಒಂದು ಟ್ಯೂಬು ಕೈಯಿಂದ ಕೈಗೆ ಓಡಾಡುತ್ತಿತ್ತು. ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿ ಇಲ್ಲದೆ ಸಿಗುತ್ತಿತ್ತು. ಎಲ್ಲರಂತೆ ನಾನೂ ಹಚ್ಚಿಕೊಂಡೆ, ಎಲ್ಲರಿಗಿಂತ ಬೇಗ ಬೆಳ್ಳಗಾದೆ. ದೀಪಾವಳಿಗೆ ಊರಿಗೆ ಹೋದರೆ ಓಣಿಯ ಹೆಂಗಸರು ನನ್ನ ಗದ್ದ ಹಿಡಿದು ಮುಖ ಎತ್ತಿ ನೋಡಿದ್ದೇ ನೋಡಿದ್ದು.

ಟ್ಯೂಬು ಬಿಟ್ಟ ವಾರದಲ್ಲೇ ಮುಖ ಹತ್ತಿಕೊಂಡು ಉರಿಯಿತು. ಬಿಸಿಲಿಗೆ ಕಾಲಿಟ್ಟರೆ ಕೆನ್ನೆ ಕೆಂಪು, ಬಿಸಿ ಚಹಾದ ಹಬೆ ತಾಗಿದರೂ ಕೆಂಪು. ಬೀದರಿನ ಚರ್ಮದ ಡಾಕ್ಟರಮ್ಮ ಟ್ಯೂಬು ಕೈಯಲ್ಲಿ ತಿರುಗಿಸಿ ನೋಡಿ ಬೈದರು. "ಇದು ಕ್ರೀಮ್ ಅಲ್ಲವ್ವಾ, ಔಷಧ. ಸ್ಟೆರಾಯ್ಡ್ ಅದ ಇದರಾಗ. ಮುಖದ ಚರ್ಮ ತೆಳ್ಳಗ ಮಾಡ್ಕೊಂಡು ಬಂದೀದಿ. ಬಿಟ್ಟ ಕೂಡ್ಲೇ ಹಿಂಗ ಉರಿತದ." ಗುಣವಾಗಲು ಬಹಳ ಕಾಲ ಹಿಡಿಯಿತು. ಆ ದಿನಗಳಲ್ಲಿ ಅವ್ವ ತಣ್ಣೀರಿನ ಬಟ್ಟೆ ಹಿಡಿದು ನನ್ನ ಹಾಸಿಗೆಯ ಪಕ್ಕ ಕೂತಿರುತ್ತಿದ್ದಳು. ಇನ್ನು ಮುಂದೆ ಘಮಘಮ ಅನ್ನುವ ಯಾವುದನ್ನೂ ಹಚ್ಚಬೇಡ, ಹೊಸದು ಏನೇ ಇದ್ದರೂ ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ನೋಡು ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಆ ಮಾತನ್ನು ನಾನು ಗಂಟು ಹಾಕಿಕೊಂಡೆ.

ಉರಿ ಆರಿದ ಮೇಲೆ ಅವ್ವ ಔರಾದಿನ ಗಾಣದಿಂದ ಕುಸುಬಿ ಎಣ್ಣೆ ತಂದಳು. ಅದನ್ನೂ ಮೊಣಕೈಗೆ ಹಚ್ಚಿ ಕಾದೆ. ಒಗ್ಗಿತು. ಆಮೇಲೆ ಸೋಪಿನ ಬದಲು ಹೆಸರುಹಿಟ್ಟು ಬಂತು, ಅದೂ ಒಗ್ಗಿತು. ಕಡಲೆಹಿಟ್ಟು ನನಗೆ ಒಗ್ಗಲಿಲ್ಲ, ಬಿಟ್ಟೆ. ಪಕ್ಕದ ಮನೆಯವರ ಮಾತು ಕೇಳಿ ನಿಂಬೆರಸ ಹಚ್ಚಿಕೊಂಡು, ಉರಿ ತಾಳದೆ ಒಂದು ಮಧ್ಯಾಹ್ನವಿಡೀ ಫ್ಯಾನಿನ ಕೆಳಗೆ ಕೂತೆ. ಗಿಡದಿಂದ ಬಂದದ್ದೆಲ್ಲ ಮೈಗೆ ಒಳ್ಳೆಯದು ಅನ್ನುವವರಿಗೆ ನಾನು ಎಕ್ಕದ ಗಿಡ ತೋರಿಸುತ್ತೇನೆ. ಅದರ ಹಾಲೂ ನೈಸರ್ಗಿಕವೇ, ಹಚ್ಚಿಕೊಳ್ಳಿ ನೋಡೋಣ.

ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಭಾಲ್ಕಿ ಎಂದರೆ ಕಾಳುಕಡಿಯ ಊರು. ಹೆಸರುಬೇಳೆಗೆ ನಾನು ಅಲೆಯಬೇಕಿರಲಿಲ್ಲ. ಗಿರಣಿಯಲ್ಲಿ ಬೀಸಿಸಿ ಸ್ಟೀಲಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಊರಿಗೆ ಹೋದಾಗ ಒಂದು ಹಳೆಯ ಗಾಜಿನ ಬಾಟಲಿಗೆ ಕುಸುಬಿ ಎಣ್ಣೆ ತುಂಬಿಸಿಕೊಂಡು ಬರುತ್ತಿದ್ದೆ. ಮುಳ್ಳಿನ ಬೆಳೆ, ಕೊಯ್ಯಲು ಆಳು ಸಿಗುವುದಿಲ್ಲ ಎಂದು ನಮ್ಮ ಕಡೆ ಕುಸುಬಿ ಬಿತ್ತುವವರೇ ಕಡಿಮೆಯಾಗಿದ್ದಾರೆ. ಕೊಳ್ಳುವವರು ಇದ್ದರೆ ತಾನೆ ಬಿತ್ತುವವರು ಇರುವುದು? ಮಳೆಗಾಲದಲ್ಲಿ ನಮ್ಮ ಶಾಲೆಯ ಮುಂದಿನ ಗಟಾರ ಕಟ್ಟಿಕೊಂಡಾಗ ಕಡ್ಡಿ ಹಾಕಿ ಎಳೆದರೆ ಬರುತ್ತಿದ್ದದ್ದು ಶಾಂಪೂ ಮತ್ತು ಕ್ರೀಮಿನ ಪಾಕೀಟುಗಳೇ. ಮುಖ ತೊಳೆದ ನೀರು ಹರಿದುಹೋಗುತ್ತದೆ, ಪಾಕೀಟು ನಮ್ಮ ಬಾಗಿಲಲ್ಲೇ ಕೂರುತ್ತದೆ. ಅದಕ್ಕೇ ಪಾಕೀಟಿನ ಮಾಲು ನನ್ನ ಖೋಲಿಯೊಳಗೆ ಬರಕೂಡದು ಎಂದು ಹಟ ಹಿಡಿದೆ.

ಒಮ್ಮೆ ಸ್ಟೇಷನ್ ರೋಡಿನ ಅಂಗಡಿಯವರು ಹಸಿರು ಡಬ್ಬಿಯೊಂದನ್ನು ನನ್ನ ಮುಂದಿಟ್ಟರು.

"ತೊಗೊರಿ ಟೀಚರ್, ನ್ಯಾಚುರಲ್ ಅದರಿ. ಎಲಿ ನೋಡ್ರಿ ಮ್ಯಾಲ."

"ಎಲಿ ಡಬ್ಬಿ ಮ್ಯಾಲ ಅದ. ಒಳಗ ಅದ ಏನ್ರಿ?"

"ಒಳಗಿಂದು ನಂಗೇನ್ ಗೊತ್ತರಿ. ನಾ ಹಚ್ಕೊಳ್ಳಲ್ಲ," ಎಂದು ಅವರೇ ನಕ್ಕುಬಿಟ್ಟರು. ಡಬ್ಬಿಯ ಹಿಂದೆ ಇರುವೆಯಂಥ ಅಕ್ಷರದಲ್ಲಿ ಬರೆದದ್ದನ್ನು ಓದಿದೆ. ಅರ್ಧ ಹೆಸರುಗಳು ಗೊತ್ತಾಗಲಿಲ್ಲ, ಗೊತ್ತಾದದ್ದರಲ್ಲಿ ಮೊದಲನೆಯದೇ ಸುಗಂಧ. ವಾಪಸ್ ಇಟ್ಟು ಬಂದೆ.

ಇಂಥ ನನಗೆ ಬೀದರಿನಿಂದ ಸಂಬಂಧ ಬಂತು. ಹುಡುಗ ಬೀದರಿನ ಪಕ್ಕದ ಕೊಳಾರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನೋಡಲು ಬಂದಾಗ ನನ್ನ ಜೊತೆ ಅಂಗಳದಲ್ಲಿ ನಿಂತು, "ನೀವು ಹ್ಯಾಂಗಿದ್ದೀರಿ ಹಂಗೇ ಇರ್ರಿ, ನಂಗೇನ್ ತಕರಾರಿಲ್ಲ," ಅಂದಿದ್ದ. ಮಾತು ಚೆನ್ನಾಗಿತ್ತು. ಒಳಗೆ ಹೋಗಿ ತಾಯಿಯ ಪಕ್ಕ ಕೂತ ಮೇಲೆ ಮಾತ್ರ ಬಾಯಿಗೆ ಬೀಗ ಬಿತ್ತು. ಅಂಗಳದಲ್ಲಿ ಹುಲಿ, ಪಡಸಾಲೆಯಲ್ಲಿ ಬೆಕ್ಕು.

ನಾವು ಬೌದ್ಧರು, ನಮ್ಮಲ್ಲಿ ಮದುವೆ ವಿಹಾರದಲ್ಲಿ, ಬುದ್ಧನ ಎದುರಿಗೆ. ಮದುಮಗಳಿಗೆ ಬಿಳಿ ಸೀರೆ. ಅತ್ತೆಯಾಗುವವರಿಗೆ ಚಿಂತೆ ಹತ್ತಿದ್ದು ಆ ಸೀರೆಯದೇ. ನಿಶ್ಚಿತಾರ್ಥದ ದಿನ ಅವ್ವನ ಮುಂದೆಯೇ ಅಂದರು: "ಹುಡುಗಿ ಒಳ್ಳೆಕಿ ಅದಾಳ. ಖರೆ ಬಿಳಿ ಸೀರಿ ಮ್ಯಾಲ ಕರ್ರಗ ಎದ್ದು ಕಾಣ್ತಾಳ ನೋಡ್ರಿ." ಹೋಗುವಾಗ ನನ್ನ ಕೈಗೆ ಒಂದು ಚೀಲ ಕೊಟ್ಟರು. ಒಳಗೆ ಕ್ರೀಮು, ಸೋಪು, ಮುಖಕ್ಕೆ ಬಳಿಯುವ ಪುಡಿ. ನಾನು ನಮಸ್ಕಾರ ಮಾಡಿ ಚೀಲ ಅವರ ಕೈಗೇ ಕೊಟ್ಟೆ. "ನಂಗ ಇವು ಒಗ್ಗಲ್ಲರಿ ಅತ್ತಿ. ಮೊದ್ಲ ಒಮ್ಮಿ ಮುಖ ಸುಟ್ಕೊಂಡೀನಿ." ಅವರು ನಕ್ಕರು. ಹುಡುಗಾಟಿಕೆ ಅಂದುಕೊಂಡರೇನೋ.

ಮದುವೆಯ ಹಿಂದಿನ ದಿನ ಅರಿಶಿನ. ಮುಹೂರ್ತ, ಜಾತಕ, ಎಲ್ಲವನ್ನೂ ಅಪ್ಪ ಯಾವತ್ತೋ ಬಿಟ್ಟವರು. ಅರಿಶಿನವನ್ನು ಮಾತ್ರ ಯಾರೂ ಬಿಟ್ಟಿರಲಿಲ್ಲ. ನಮ್ಮ ಗಡಿ ಸೀಮೆಯ ಪದ್ಧತಿ ಹೀಗೆ: ಅರಿಶಿನ ಮೊದಲು ಗಂಡಿನ ಮೈಗೆ ಹಚ್ಚಬೇಕು, ಉಳಿದದ್ದನ್ನು ಅವನ ಕಡೆಯ ಹೆಂಗಸರು ಹೆಣ್ಣಿನ ಮನೆಗೆ ತರಬೇಕು, ಅದನ್ನೇ ಹೆಣ್ಣಿಗೆ ಹಚ್ಚಬೇಕು. ಅದು ಬರುವ ತನಕ ಹೆಣ್ಣು ಮಣೆಯ ಮೇಲೆ ಕಾಯಬೇಕು. ನಾನು ಕಾಯುತ್ತ ಕೂತೆ. ಮಧ್ಯಾಹ್ನದ ಹೊತ್ತಿಗೆ ಬೀದರಿನಿಂದ ಜೀಪು ಬಂತು. ಇಳಿದವರಲ್ಲಿ ಮುಂದೆ ನನ್ನ ನಾದಿನಿ, ಕೈಯಲ್ಲಿ ಮುಚ್ಚಿದ ಬಟ್ಟಲು.

ಮುಚ್ಚಳ ತೆಗೆದ ಕೂಡಲೇ ನನಗೆ ಗೊತ್ತಾಯಿತು. ಅರಿಶಿನಕ್ಕೆ ಅರಿಶಿನದ ವಾಸನೆ ಇರಬೇಕು. ಇದು ಮದುವೆ ಮಂಟಪಕ್ಕೆ ಹೊರಟ ಅತ್ತರಿನ ಅಂಗಡಿಯ ಹಾಗೆ ಘಮಘಮಿಸುತ್ತಿತ್ತು.

"ಏನ್ ಕಲಸ್ಯಾರ ಇದರಾಗ?"

ನಾದಿನಿ ಪಾಪ, ಸುಳ್ಳು ಹೇಳುವ ಹುಡುಗಿಯಲ್ಲ. "ಬೆಳ್ಳಗ ಮಾಡೋ ಪುಡಿ ಅದರಿ ವೈನಿ. ಅವ್ವ ಕಲಸ್ಯಾಳ. ನ್ಯಾಚುರಲ್ ಅಂತ. ನಾಳಿ ಫೋಟೋದಾಗ ಚಂದ ಕಾಣ್ತೀರಿ ಅಂದ್ಳು."

ಬಟ್ಟಲಿಂದ ಬೆರಳಲ್ಲಿ ಒಂಚೂರು ತೆಗೆದು ಮೊಣಕೈಯ ಒಳಗೆ ಸವರಿಕೊಂಡೆ. "ಎಲ್ಲಾರೂ ಊಟ ಮಾಡಿ ಬರ್ರಿ. ಆಮ್ಯಾಲ ನೋಡೋಣ," ಅಂದೆ. ಅರಿಶಿನಕ್ಕೆ ಪರೀಕ್ಷೆ ಇಟ್ಟವಳನ್ನು ಆ ಹೆಂಗಸರು ಕಂಡಿರಲಿಲ್ಲ. ಗೊಣಗುತ್ತಲೇ ಪಂಕ್ತಿಗೆ ಹೋದರು. ಅವರು ಕೈ ತೊಳೆದು ಬರುವಷ್ಟರಲ್ಲಿ ನನ್ನ ಮೊಣಕೈ ಕೆಂಪಗೆ ಊದಿತ್ತು. ತೋಳು ಚಾಚಿ ತೋರಿಸಿದೆ. "ಹಚ್ಕೊಳ್ಳಲ್ಲ," ಅಂದೆ.

ಗದ್ದಲ ಎದ್ದಿತು. ಸ್ವಲ್ಪವೇ ಹಚ್ಚಿ ಶಾಸ್ತ್ರ ಮುಗಿಸೋಣ ಎಂದರು ಒಬ್ಬರು, ಕಾಲಿಗೆ ಮಾತ್ರ ಸಾಕು ಎಂದರು ಇನ್ನೊಬ್ಬರು. ಅವ್ವನೂ ಮೊದಲು ನನ್ನ ಕಿವಿಯಲ್ಲಿ "ಹೂಂ ಅನ್ನವ್ವಾ" ಎಂದಿದ್ದಳು. ತೋಳು ನೋಡಿದ ಮೇಲೆ ಬಟ್ಟಲನ್ನು ತಾನೇ ದೂರ ಸರಿಸಿದಳು. ನಾದಿನಿ ಅಳುತ್ತ ತಾಯಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

"ಗಂಡಿನ ಮೈಯ ಅರಶಿಣ ಒಲ್ಲೆ ಅಂದ್ರ ಗಂಡಿಗೇ ಒಲ್ಲೆ ಅಂದಂಗ," ಅಂದರು ಅತ್ತೆ. "ಒಂದು ದಿವ್ಸದ ಮಾತು. ತಡ್ಕೊ. ಹೆಣ್ಣಾಗಿ ಹುಟ್ಟಿದ ಮ್ಯಾಲ ಏನೇನೋ ತಡ್ಕೊಬೇಕು."

"ನಾ ತಡ್ಕೊಳ್ಳಲ್ಲರಿ ಅತ್ತಿ. ಬರೇ ಅರಶಿಣ ಕಳಸ್ರಿ, ತಲಿಯಿಂದ ಕಾಲ ತನಕ ಹಚ್ಕೊತೀನಿ."

"ಹಚ್ಕೊಳ್ಳಲ್ಲ ಅಂದ್ರ ನಾಳಿ ನಾವು ವಿಹಾರಕ್ಕ ಬರಲ್ಲ."

ಅಪ್ಪ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತರು. ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ತಣ್ಣೀರಿನ ಬಟ್ಟೆ ಮುಖಕ್ಕೆ ಹಾಕಿಕೊಂಡು ಮಲಗಿದ ದಿನಗಳಿಗೆ ಮತ್ತೆ ಹೋಗಲು ನಾನು ತಯಾರಿರಲಿಲ್ಲ, ಯಾರ ಮದುವೆಗಾಗಿಯೂ, ನನ್ನ ಮದುವೆಗಾಗಿಯೂ. ಆಗ ಒಂದು ಮಾತು ಹೊಳೆಯಿತು. ಈ ಅರಿಶಿನ ಮೊದಲು ಹತ್ತಿದ್ದು ಯಾರ ಮೈಗೆ?

"ಅವರಿಗಿ ಫೋನ್ ಕೊಡ್ರಿ," ಅಂದೆ. ಅರಿಶಿನದಲ್ಲಿರುವ ಗಂಡು ಹೆಣ್ಣು ಮಾತಾಡಬಾರದು ಎಂದು ಹಿಂದಿನಿಂದ ಯಾರೋ ಕೂಗಿದರು. ಅಷ್ಟರಲ್ಲಿ ಆ ಕಡೆ ಅತ್ತೆಯ ಕೈಯಿಂದ ಮಗ ತಾನೇ ಫೋನ್ ತೆಗೆದುಕೊಂಡಿದ್ದ.

"ನಿಮಗ ಉರಿಲಕತ್ತದ ಏನ್ರಿ?"

"ಹೂಂ," ಅಂದ. "ಮುಂಜಾನಿಂದ. ಕುತ್ತಿಗಿ, ಎದಿ ಎಲ್ಲಾ."

"ಯಾಕ ಹೇಳ್ಲಿಲ್ರಿ?"

"ಗಂಡ್ಸು ಅರಶಿಣಕ್ಕ ಅಳ್ತಾನ ಅಂತ ನಗ್ತಾರಲ್ರಿ. ಅದಕ್ಕ ಸುಮ್ನ ಕುಂತೀನಿ."

ನಮ್ಮ ಅಂಗಳದ ಹೆಂಗಸರೆಲ್ಲ ಫೋನಿನ ಸುತ್ತ ಬಗ್ಗಿ ಕೇಳುತ್ತಿದ್ದರು. ಆ ಕಡೆಯಿಂದ ಅತ್ತೆಯ ದನಿ: "ಏನಂದ್ಯೋ? ತಗಿ ಅಂಗಿ, ತೋರ್ಸು." ಆಮೇಲೆ ಒಂದು ಚೀರಾಟ. "ಅಯ್ಯಯ್ಯೋ, ಬೊಬ್ಬಿ ಎದ್ದಾವಲ್ಲೋ! ನನ್ನ ಮಗನ್ನ ಸುಟ್ಟಿಟ್ಟೆನಲ್ಲೋ!" ಫೋನ್ ಮತ್ತೆ ಅವರ ಕೈಗೆ ಬಂದಾಗ ಅದೇ ಹೆಂಗಸಿನ ದನಿ ಬೇರೆಯಾಗಿತ್ತು. "ಏನ್ ಹಚ್ಚಬೇಕವ್ವಾ? ನಿಂಗ ಗೊತ್ತದ, ಲಗೂ ಹೇಳು."

ನನಗೆ ಅಯ್ಯೋ ಅನ್ನಿಸಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನ ತೋಳು ಊದಿದ್ದು ಒಂದು ದಿವಸದ ಮಾತು. ಮಗನ ಕುತ್ತಿಗೆಗೆ ಬೊಬ್ಬೆ ಬಂದರೆ ಲಗೂ ಹೇಳು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ ಬೇಕಾದದ್ದಷ್ಟನ್ನು ಹೇಳಿದೆ.

"ತಣ್ಣೀರು ಹಾಕಿ ತೊಳೀರಿ. ಡಾಕ್ಟರಿಗಿ ತೋರಸ್ರಿ. ಅವರಿಗಿ ಏನೂ ಹಚ್ಚಬ್ಯಾಡ್ರಿ, ನಂಗೂ ಏನೂ ಹಚ್ಚಬ್ಯಾಡ್ರಿ. ನಾಳಿ ನಾ ನನ್ನ ಮುಖ ತೊಗೊಂಡು ವಿಹಾರಕ್ಕ ಬರ್ತೇನಿ. ನೀವು ಬರ್ತೀರೋ ಇಲ್ಲೋ ಈಗೇ ಹೇಳ್ರಿ."

ಬಚ್ಚಲಲ್ಲಿ ಅವನ ಮೈಮೇಲೆ ನೀರು ಬೀಳುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

"ಬರ್ತೀವವ್ವಾ," ಅಂದರು ಅತ್ತೆ.